ಲಾ ಸ್ಕೂಲಿಗೆ ಮುನ್ನಿನ ಕಾಲೇಜು

ಕರ್ನಾಟಕದಲ್ಲಿ ಪಿಯುಸಿ ಮುಗಿಸಿದವರು ನೇರವಾಗಿ ಐದು ವರ್ಷಗಳ ಕಾನೂನು ಶಿಕ್ಷಣಕ್ಕೆ ಸೇರಬಹುದಷ್ಟೆ. ಅಮೆರಿಕದಲ್ಲಾದರೋ ಸಾಮಾನ್ಯವಾಗಿ ನಾಲ್ಕು ವರ್ಷಗಳ ಪದವಿಯೊಂದನ್ನು ಪಡೆದ ತರುವಾಯವೇ ಮೂರು ವರ್ಷಗಳ ಲಾ ಸ್ಕೂಲಿಗೆ ಪ್ರವೇಶ. ಅಲ್ಲಿ ನೆಲೆಸಿರುವ ಕನ್ನಡಿಗರ ಮಕ್ಕಳಲ್ಲಿ ವಕೀಲವೃತ್ತಿಯ ಹಂಬಲವುಳ್ಳವರು ಆ ಮೊದಲ ಕಾಲೇಜನ್ನು ಆರಿಸುವಾಗ, ಹೆಸರಿನ ಪ್ರತಿಷ್ಠೆಗಿಂತಲೂ, ತಾವು ಮನಸ್ಸಿಟ್ಟು ಓದಿ ಉತ್ತಮ ಗ್ರೇಡುಗಳನ್ನು ಗಳಿಸಬಲ್ಲ, ಸಾಲದ ಹೊರೆಯಿಲ್ಲದೆ ಹೊರಬರಬಲ್ಲ ಸ್ಥಳವನ್ನೇ ಮುಖ್ಯವೆಂದೆಣಿಸಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಮೊದಲು ಯಾವ ವಿಷಯವನ್ನು ಓದಬೇಕೆಂಬ ಚಿಂತೆಯನ್ನು ಬಿಡತಕ್ಕದ್ದು. ಲಾ ಸ್ಕೂಲುಗಳಿಗೆ ಮಾನ್ಯತೆ ನೀಡುವ ಅಮೆರಿಕನ್ ಬಾರ್ ಅಸೋಸಿಯೇಷನ್ ಇಂಥದೇ ವಿಷಯವೆಂದು ವಿಧಿಸಿಲ್ಲ. ಇತಿಹಾಸವಾಗಲಿ, ತತ್ತ್ವಶಾಸ್ತ್ರವಾಗಲಿ, ಗಣಿತವಾಗಲಿ ಆದೀತು. ‘ಪ್ರೀ-ಲಾ’ ಎಂಬ ಪಾಠಕ್ರಮವನ್ನೇ ಅರಸಿ ಹೋಗಬೇಕಾದುದಿಲ್ಲ. ಲಾ ಸ್ಕೂಲ್ ಪ್ರವೇಶಕ್ಕೆಂದು ಬರೆಯುವ ಎಲ್‌ಸ್ಯಾಟ್ ಪರೀಕ್ಷೆಯಲ್ಲಿ 2024ರ ಆಗಸ್ಟ್‌ನಿಂದ ತರ್ಕದ ಒಗಟುಗಳ ಭಾಗವನ್ನು ಕೈಬಿಟ್ಟು, ವಾದವಿವೇಚನೆ ಮತ್ತು ಗದ್ಯಗ್ರಹಣಗಳನ್ನಷ್ಟೇ ಉಳಿಸಿಕೊಂಡಿರುವುದರಿಂದ, ವಿಪುಲವಾಗಿ ಓದಿಸಿ ಬರೆಯಿಸುವ ವಿಭಾಗವಾವುದಾದರೂ ಹಿತವೇ.

ಎರಡನೆಯದಾಗಿ, ಗ್ರೇಡುಗಳ ಗಣನೆಯ ಕ್ರಮವನ್ನು ಸೇರುವ ಮುನ್ನವೇ ಅರಿತಿರಬೇಕು. ಅನೇಕರು ಇದನ್ನು ತಿಳಿಯುವ ವೇಳೆಗೆ ಕಾಲ ಮೀರಿರುತ್ತದೆ. ಲಾ ಸ್ಕೂಲ್ ಅಡ್ಮಿಷನ್ ಕೌನ್ಸಿಲ್ ಎಂಬ ಸಂಸ್ಥೆಯು ಕಾಲೇಜು ಕೊಟ್ಟ ಜಿಪಿಎಯನ್ನು ಹಾಗೆಯೇ ಸ್ವೀಕರಿಸದೆ, ಮೊದಲ ಪದವಿ ಕೈಸೇರುವವರೆಗಿನ ಗ್ರೇಡುಗಳನ್ನೆಲ್ಲ ತನ್ನದೇ ನಿಯಮದಂತೆ ಮತ್ತೆ ಎಣಿಸುವುದರಿಂದ, ಹೈಸ್ಕೂಲಿನಲ್ಲಿದ್ದಾಗಲೇ ಕಾಲೇಜು ಕ್ರೆಡಿಟ್ಟಿಗಾಗಿ ಓದಿದವೂ, ಬೇಸಗೆಯಲ್ಲಿ ಕಮ್ಯೂನಿಟಿ ಕಾಲೇಜಿನಲ್ಲಿ ಮುಗಿಸಿದವೂ ಲೆಕ್ಕಕ್ಕೆ ಸೇರುತ್ತವೆ. ಎ ಪ್ಲಸ್ ಕೊಡುವ ಪದ್ಧತಿಯುಳ್ಳ ಕಾಲೇಜಿನಲ್ಲಿ ಆ ಗ್ರೇಡಿಗೆ 4.33 ದೊರೆಯುತ್ತದೆ, ಆ ಪದ್ಧತಿಯಿಲ್ಲದೆಡೆ 4.00ನ್ನು ಮೀರಲಾಗದು. ಹದಿನಾರರ ಹರೆಯದ ಮಗುವನ್ನು ಕ್ರೆಡಿಟ್ಟಿನ ಆಸೆಗೆ ಅವಸರಪಡಿಸುವ ತಾಯ್ತಂದೆಯರು, ಆ ಗ್ರೇಡುಗಳೂ ಹೀಗೆ ಲೆಕ್ಕಕ್ಕೆ ಸೇರುವುದನ್ನು ವಿಶೇಷವಾಗಿ ಗಮನಿಸಬೇಕೆಂದು ಪ್ರಾರ್ಥಿಸುತ್ತೇನೆ.

ಮೂರನೆಯದಾಗಿ, ಕಾಲೇಜನ್ನು ನೋಡಹೋದಾಗ ಕಟ್ಟಡಗಳನ್ನು ನೋಡಿ ಮರಳದೆ, ಮೊದಲ ವರ್ಷದ ಪಾಠಗಳನ್ನು ಪ್ರಾಧ್ಯಾಪಕರೇ ಹೇಳುವರೋ, ತರಗತಿಯಲ್ಲಿ ಎಷ್ಟು ಮಂದಿ ಕೂರುವರು, ಲಾ ಸ್ಕೂಲಿನ ಅರ್ಜಿಗೆ ನೆರವಾಗುವ ಸಲಹೆಗಾರರುಂಟೋ ಎಂದು ವಿಚಾರಿಸಬೇಕು. ಶಿಫಾರಸು ಪತ್ರವನ್ನು ಬರೆಯತಕ್ಕವರು ವಿದ್ಯಾರ್ಥಿಯ ಬರಹವನ್ನು ತಿದ್ದಿದವರು, ಅವನ ಪ್ರಶ್ನೆಗಳನ್ನು ಕೇಳಿದವರು ಆಗಿದ್ದರೆ ಮಾತ್ರವೇ ಅದಕ್ಕೆ ಜೀವ ಬರುತ್ತದೆ.

ಇನ್ನು ಹಣದ ಮಾತು. ಕಾಲೇಜಿನ ಜಾಲತಾಣದಲ್ಲಿರುವ ‘ನೆಟ್ ಪ್ರೈಸ್ ಕ್ಯಾಲ್ಕುಲೇಟರ್’ನಿಂದ ಮನೆಯ ಆದಾಯಕ್ಕೆ ತಕ್ಕ ನಿಜವಾದ ವೆಚ್ಚವನ್ನು ಅಂದಾಜು ಮಾಡಿ, ತಮ್ಮ ರಾಜ್ಯದ ವಿಶ್ವವಿದ್ಯಾಲಯದ ಶುಲ್ಕದೊಡನೆ ಹೋಲಿಸಬೇಕು. ಹೆತ್ತವರ ಎಚ್-1ಬಿ ವೀಸಾವನ್ನು ಅವಲಂಬಿಸಿ ಎಚ್-4ರಲ್ಲಿರುವ ಮಕ್ಕಳಿಗೆ ಸಂಯುಕ್ತ ಸರ್ಕಾರದ ಸಾಲ ದೊರೆಯದೆಂಬುದನ್ನು ಮರೆಯಬಾರದು. ಆ ಸಾಲ ದೊರೆಯತಕ್ಕವರಲ್ಲಿಯೂ, 2026ರ ಜುಲೈ 1ರಿಂದ ಹೊಸದಾಗಿ ಸಾಲ ಪಡೆಯುವ ಕಾನೂನು ವಿದ್ಯಾರ್ಥಿಗಳಿಗೆ ವರ್ಷಕ್ಕೆ 50,000 ಡಾಲರುಗಳ ಮಿತಿಯನ್ನು ವಿಧಿಸಲಾಗಿದೆ. ಆದುದರಿಂದ ಮೊದಲ ಪದವಿಯಲ್ಲಿ ಉಳಿಸಿದ ಹಣವೇ ಮುಂದೆ ಆಸರೆ. ಕಾಲೇಜು ವಿದ್ಯಾರ್ಥಿವೇತನವನ್ನು ಕೊಡುವುದಾದರೆ, ಅದು ನಾಲ್ಕು ವರ್ಷವೂ ಮುಂದುವರಿಯುವುದೋ, ಅದಕ್ಕೆ ಎಷ್ಟು ಜಿಪಿಎ ಉಳಿಸಿಕೊಳ್ಳಬೇಕು ಎಂಬುದನ್ನು, ಬಹುತೇಕ ಕಾಲೇಜುಗಳು ಒಪ್ಪಿಗೆಗೆ ಗಡುವಾಗಿಟ್ಟಿರುವ ಮೇ 1ಕ್ಕೆ ಮುಂಚೆಯೇ ಲಿಖಿತವಾಗಿ ಕೇಳಿ ಪಡೆದಿರಬೇಕು.