ಸಂಜೆಗೆ ಜಾರುವ ರೆಪ್ಪೆ

ಅಕ್ಕಲಕೋಟದಲ್ಲಿ ನನ್ನದು ಔಷಧಿ ಅಂಗಡಿ. ಅವ್ವನಿಗೆ ಮಯಸ್ತೇನಿಯಾ ಗ್ರೇವಿಸ್ ಬಂದು ಒಂಬತ್ತು ವರ್ಷ. ಆಕೆಯನ್ನು ನೋಡಿಕೊಳ್ಳುತ್ತ ಕಲಿತದ್ದನ್ನು ಇದೇ ಹಾದಿಯಲ್ಲಿರುವ ಮನೆಗಳಿಗಾಗಿ ಬರೆಯುತ್ತಿದ್ದೇನೆ.

1. ರೋಗದ ಪೂರ್ತಿ ಹೆಸರು ಬರೆಸಿಕೊಳ್ಳಿ. ಮೊದಲು ನಮಗೆ ಸಿಕ್ಕಿದ್ದು ‘ನರದ ವೀಕ್‌ನೆಸ್’ ಅನ್ನುವ ಮಾತು. ಅದನ್ನು ಹಿಡಿದು ಹುಡುಕಿದರೆ ಟಾನಿಕ್ಕಿನ ಜಾಹೀರಾತು ಸಿಗುತ್ತದೆ, ಅಷ್ಟೇ. ರಕ್ತಪರೀಕ್ಷೆಯಾದ ಮೇಲೆ ‘ಅಸಿಟೈಲ್‌ಕೋಲಿನ್ ರಿಸೆಪ್ಟರ್ ಆಂಟಿಬಾಡಿ ಪಾಸಿಟಿವ್’ ಎಂದು ಬಂತು. ನರ ಕಳಿಸಿದ ಸುದ್ದಿ ಸ್ನಾಯುವಿಗೆ ಮುಟ್ಟುವ ಜಾಗಕ್ಕೇ ಮೈಯೊಳಗಿನ ಕಾವಲುಪಡೆ ಏಟು ಹಾಕುತ್ತದೆ. ಕೆಲವರಲ್ಲಿ ಆ ಏಟು ಬೀಳುವುದು ‘ಮಸ್ಕ್’ ಎಂಬ ಬೇರೊಂದು ಪ್ರೋಟೀನಿಗೆ. ನಿಮ್ಮದು ಯಾವುದು ಅಂತ ತಿಳಿಯದೆ ಏನು ಓದಿದರೂ ಗೊಂದಲವೇ.

2. ಸಂಜೆ ಹೊತ್ತು ವಿಡಿಯೊ ಮಾಡಿ. ಊಟಕ್ಕೆ ಕೂತರೆ ಅವ್ವ ಅರ್ಧ ಕಡಕ್ ರೊಟ್ಟಿ ಸರಾಗವಾಗಿ ತಿನ್ನುತ್ತಿದ್ದಳು. ಆಮೇಲೆ ದವಡೆ ಸೋತು, ಎಡಗೈಯನ್ನು ಗದ್ದಕ್ಕೆ ಆನಿಸಿಕೊಂಡು ಅಗಿಯುತ್ತಿದ್ದಳು. ಹಲ್ಲಿನ ತೊಂದರೆ ಎಂದುಕೊಂಡು ಎರಡು ಹಲ್ಲು ಕೀಳಿಸಿದೆವು. ಅದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ. ಬೆಳಿಗ್ಗೆ ಡಾಕ್ಟರ ಮುಂದೆ ಕೂತಾಗ ಎಲ್ಲ ನೆಟ್ಟಗೇ ಇರುತ್ತಿತ್ತು. ಕೊನೆಗೆ ದೀಪ ಹಚ್ಚುವ ಹೊತ್ತಿನಲ್ಲಿ ಬಲಗಣ್ಣಿನ ರೆಪ್ಪೆ ಜಾರುವುದನ್ನು ಮೊಬೈಲಿನಲ್ಲಿ ಹಿಡಿದು ತೋರಿಸಿದೆ. ಸೊಲ್ಲಾಪುರದ ನರರೋಗ ತಜ್ಞರು ಅದನ್ನು ನೋಡಿದವರೇ ರಕ್ತಪರೀಕ್ಷೆ ಬರೆದರು.

3. ಯಾರ ಮೇಲೆ ಮಾಡಿದ ಅಧ್ಯಯನ ಎಂದು ಕೇಳಿ. ಎದೆಯೊಳಗಿನ ಥೈಮಸ್ ಗ್ರಂಥಿ ತೆಗೆದರೆ ರೋಗ ಹತೋಟಿಗೆ ಬರುತ್ತದೆಂದು 2016ರಲ್ಲಿ ಪ್ರಕಟವಾದ ಅಧ್ಯಯನ ಓದಿ ಹಿಗ್ಗಿದ್ದೆ. ಅದರಲ್ಲಿದ್ದವರು 126 ಮಂದಿ, 18ರಿಂದ 65ರೊಳಗಿನವರು. ಅವ್ವನಿಗೆ ಆಗಲೇ 71.

4. ಜತೆಗಾರರನ್ನು ಡಾಕ್ಟರ ಮೂಲಕವೇ ಹುಡುಕಿ. ‘ಮಾತಾಡಬೇಕು ಅನಿಸಿದವರಿಗೆ ಕೊಡ್ರಿ’ ಎಂದು ನನ್ನ ನಂಬರು ಬಿಟ್ಟುಬಂದಿದ್ದೆ. ಎಂಟು ತಿಂಗಳಿಗೆ ಒಂದು ಫೋನ್ ಬಂತು. ಸೊಲ್ಲಾಪುರದಲ್ಲಿ ಪವರ್‌ಲೂಮ್ ನಡೆಸಿ ದಣಿದ ಹಿರಿಯರು; ಮನೆಮಾತು ತೆಲುಗು, ಅವ್ವನ ಜತೆ ಕನ್ನಡ. ‘ಅಕ್ಕಾ, ರೊಟ್ಟಿ ಸಾರಿನಾಗ ನೆನಸಿ ತಿನ್ರಿ. ಉಣ್ಣೂಮುಂದ ಮಾತಾಡಬ್ಯಾಡ್ರಿ’ ಅಂದರು. ಇಷ್ಟು ಮಾತು ನಮಗೆ ಬೇರೆ ಯಾರೂ ಹೇಳಿರಲಿಲ್ಲ. ಆವತ್ತು ಅವ್ವ ಅತ್ತಳು. ತನ್ನಂಥವರು ಇನ್ನೊಬ್ಬರಿದ್ದಾರೆ ಎಂದು. ಇಬ್ಬರೂ ಮಾತಾಡುವುದು ಬೆಳಿಗ್ಗೆಯೇ. ಸಂಜೆಗೆ ಇಬ್ಬರ ದನಿಯೂ ಮೂಗಿನಿಂದ ಬರತೊಡಗುತ್ತದೆ.

ಗುಳಿಗೆಯ ಲೆಕ್ಕ ಮಾತ್ರ ಒಬ್ಬರದು ಇನ್ನೊಬ್ಬರಿಗೆ ಬೇಡ. ಆ ಹಿರಿಯರದು ಮಸ್ಕ್. ಅವ್ವನನ್ನು ಎಬ್ಬಿಸಿ ಕೂರಿಸಿದ ಪಿರಿಡೊಸ್ಟಿಗ್ಮಿನ್ ಅವರಿಗೆ ಒಗ್ಗಲಿಲ್ಲ.

5. ಮೂರು ಭಾಷೆಯ ಕಾರ್ಡು. ಮನೆಯಲ್ಲಿ ಕನ್ನಡ, ಆಸ್ಪತ್ರೆಯಲ್ಲಿ ಮರಾಠಿ, ರಿಪೋರ್ಟು ಇಂಗ್ಲಿಷು. ಒಮ್ಮೆ ಮೂತ್ರದ ಸೋಂಕಿಗೆ ಒಂದು ಕಡೆ ಜೆಂಟಾಮೈಸಿನ್ ಸಿರಿಂಜಿಗೆ ತುಂಬಿದ್ದರು; ನಾನು ಬಾಟಲಿ ನೋಡಿ ತಡೆದೆ. ಜೆಂಟಾಮೈಸಿನ್, ಸಿಪ್ರೊಫ್ಲಾಕ್ಸಾಸಿನ್, ರಕ್ತನಾಳಕ್ಕೆ ಕೊಡುವ ಮೆಗ್ನೀಸಿಯಂ, ಇವು ಈ ರೋಗವನ್ನು ಕೆರಳಿಸುತ್ತವೆ. ಡಾಕ್ಟರಿಗೆ ತೋರಿಸಿ ಪಟ್ಟಿ ಬರೆದು, ಲ್ಯಾಮಿನೇಟ್ ಮಾಡಿಸಿ ಅವ್ವನ ಎಲೆಅಡಿಕೆ ಚಂಚಿಯಲ್ಲಿಟ್ಟಿದ್ದೇನೆ. ಉಸಿರು ಕಟ್ಟಿದರೆ, ನುಂಗಲು ಬಾರದಾದರೆ ಬೆಳಗಾಗಲಿ ಎಂದು ಕಾಯುವಂತಿಲ್ಲ. ಸೊಲ್ಲಾಪುರ ಸುಮಾರು 40 ಕಿ.ಮೀ. ವೆಂಟಿಲೇಟರ್ ಇರುವ ಆಸ್ಪತ್ರೆಯ ಹೆಸರು, ರಾತ್ರಿ ಕರೆದರೂ ಬರುವ ಇಬ್ಬರು ಗಾಡಿಯವರ ನಂಬರು ಕಾರ್ಡಿನ ಹಿಂದೆ ಇವೆ.