ಸಿನಿಮಾಕ್ಕೂ ಸ್ವೆಟರು, ಆಫೀಸಿಗೂ ಸ್ವೆಟರು

ಮಕ್ಕಳೇ, ಆಗಸ್ಟ್‌ನಲ್ಲಿ ನಮ್ಮ ಕನ್ನಡ ಶಾಲೆ ಮತ್ತೆ ಶುರುವಾದ ಮೊದಲ ಭಾನುವಾರ ನಿಮಗೆ ಒಂದು ಕೆಲಸ ಕೊಟ್ಟಿದ್ದೆ, ನೆನಪಿದೆಯಾ? "ಬೇಸಿಗೆ ರಜೆಯಲ್ಲಿ ಏನು ಮಾಡಿದೆ" ಅಂತ ಎಂಟು ವಾಕ್ಯ ಬರೆಯಬೇಕಿತ್ತು. ಅರ್ಧಕ್ಕಿಂತ ಹೆಚ್ಚು ಜನ "ಮೂವಿ ನೋಡಿದೆ, ಎಂಜಾಯ್ ಮಾಡಿದೆ" ಅಂತ ಬರೆದು ಪೆನ್ಸಿಲ್ ಕೆಳಗಿಟ್ಟಿರಿ. ಒಬ್ಬ ಹುಡುಗಿ ಮಾತ್ರ ಹೀಗೆ ಬರೆದಿದ್ದಳು:

"ಅಮ್ಮ ನನ್ನನ್ನು ಸಿನಿಮಾಗೆ ಕರ್ಕೊಂಡು ಹೋದರು. ಹೊರಗೆ ತುಂಬಾ ಬಿಸಿ. ಒಳಗೆ ತುಂಬಾ ಚಳಿ. ಅಮ್ಮ ಸ್ವೆಟರ್ ಹಾಕ್ಕೊಂಡು ನಿದ್ದೆ ಮಾಡಿಬಿಟ್ಟರು. ನನಗೆ ಕೋಪ ಬಂತು. ಆ ಸ್ವೆಟರ್ ಅಮ್ಮನ ಆಫೀಸ್ ಸ್ವೆಟರ್."

ಈ ಪಾಠ ಆ ಸ್ವೆಟರಿನ ಬಗ್ಗೆ.

ಮೊದಲು ಭಾಷೆ ನೋಡೋಣ. ಕಾಫಿ ಬಿಸಿ, ಅನ್ನ ಬಿಸಿ, ದೋಸೆ ಕಾವಲಿ ಬಿಸಿ. ಆದರೆ ಟೆಕ್ಸಾಸಿನ ಜುಲೈ ತಿಂಗಳು "ಬಿಸಿ" ಅಲ್ಲ, ಅದು "ಸೆಕೆ". "ಅಬ್ಬಾ, ಎಷ್ಟು ಸೆಕೆ!" ಅನ್ನಬೇಕು. ಮೈಯೆಲ್ಲ ಬೆವರಿ ಅಂಟಂಟಾದರೆ ಸೆಕೆ, ಕಾರಿನ ಬಾಗಿಲು ತೆಗೆದ ಕೂಡಲೇ ಮುಖಕ್ಕೆ ಹೊಡೆಯುವುದು ಧಗೆ. ಉತ್ತರ ಕರ್ನಾಟಕದ ಅಜ್ಜಿ ಮನೆಯಲ್ಲಿದ್ದರೆ "ಭಾಳ ಜಳ ಐತಿ" ಅನ್ನುತ್ತಾರೆ. ಇನ್ನು "ಎಂಜಾಯ್ ಮಾಡಿದೆ" ಅನ್ನುವುದಕ್ಕೆ "ಆನಂದಿಸಿದೆ" ಅಂತ ಬರೆದರೆ ತಪ್ಪಿಲ್ಲ, ಆದರೆ ಮನೆಯಲ್ಲಿ ಯಾರೂ ಹಾಗೆ ಮಾತಾಡುವುದಿಲ್ಲ. "ಮಜಾ ಬಂತು" ಅಂದರೆ ಸಾಕು.

ಇನ್ನೊಂದು ಪದ, ನನಗೆ ಬಹಳ ಇಷ್ಟವಾದದ್ದು: ಕಚೇರಿ. ಕಚೇರಿ ಅಂದರೆ ಆಫೀಸು. ಹಾಡುಗಾರರು ವೇದಿಕೆ ಮೇಲೆ ಕೂತು ಹಾಡುವುದಕ್ಕೂ ಕಚೇರಿ ಅಂತಲೇ ಹೆಸರು, ಸಂಗೀತ ಕಚೇರಿ. "ಅಪ್ಪ ಕಚೇರಿಗೆ ಹೋದರು" ಅಂದರೆ ಕೆಲಸಕ್ಕೂ ಆಗಬಹುದು, ಹಾಡು ಕೇಳಲಿಕ್ಕೂ ಆಗಬಹುದು. ಅಪ್ಪನ ಮುಖ ನೋಡಿದರೆ ಯಾವುದು ಅಂತ ಗೊತ್ತಾಗುತ್ತದೆ.

ಈಗ ಸ್ವೆಟರಿಗೆ ಬರೋಣ. ಸಿನಿಮಾ ಮಂದಿರವೂ ಆಫೀಸೂ ಬೇಸಿಗೆಯಲ್ಲಿ ಇಷ್ಟು ತಣ್ಣಗೆ ಯಾಕಿರುತ್ತವೆ?

ಇದರ ಕಥೆ ಶುರುವಾಗುವುದು ಸಿನಿಮಾದಿಂದಲೂ ಅಲ್ಲ, ಆಫೀಸಿನಿಂದಲೂ ಅಲ್ಲ, ಕಾಗದದಿಂದ. 1902ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಒಂದು ಮುದ್ರಣಾಲಯಕ್ಕೆ ದೊಡ್ಡ ತಲೆನೋವಿತ್ತು. ಬಣ್ಣದ ಚಿತ್ರ ಅಚ್ಚು ಮಾಡುವಾಗ ಒಂದೊಂದು ಬಣ್ಣವನ್ನು ಒಂದೊಂದು ಸಲ ಒತ್ತಬೇಕು. ಬೇಸಿಗೆಯ ಗಾಳಿಯಲ್ಲಿ ತೇವ ಹೆಚ್ಚಾದರೆ ಕಾಗದ ಹಿಗ್ಗುತ್ತಿತ್ತು, ಒಣಗಿದರೆ ಕುಗ್ಗುತ್ತಿತ್ತು. ಕೆಂಪು ಒಂದು ಕಡೆ, ಹಳದಿ ಇನ್ನೊಂದು ಕಡೆ! ವಿಲ್ಲಿಸ್ ಕ್ಯಾರಿಯರ್ ಎಂಬ 25 ವರ್ಷದ ಎಂಜಿನಿಯರ್ ತಣ್ಣೀರು ಹರಿಯುವ ಕೊಳವೆಗಳ ಮೇಲೆ ಗಾಳಿ ಬೀಸಿ, ಅದರಲ್ಲಿದ್ದ ತೇವವನ್ನು ತೆಗೆಯುವ ಯಂತ್ರವನ್ನು ರೂಪಿಸಿದ. ಅಂದರೆ ಆ ಯಂತ್ರ ಹುಟ್ಟಿದ್ದು ಮನುಷ್ಯರನ್ನು ತಂಪು ಮಾಡಲಿಕ್ಕಲ್ಲ, ಕಾಗದವನ್ನು ಕಾಪಾಡಲಿಕ್ಕೆ.

ತಂಪು ಹೇಗಾಗುತ್ತದೆ ಅಂತ ತಿಳಿಯಲು ಅಂಗೈಗೆ ಎರಡು ಹನಿ ಸ್ಯಾನಿಟೈಜರ್ ಹಾಕಿ ಊದಿ. ಚುಳ್ ಅಂತ ತಣ್ಣಗಾಗುತ್ತದೆ ಅಲ್ಲವಾ? ದ್ರವ ಆವಿಯಾಗಲು ಶಾಖ ಬೇಕು, ಅದನ್ನು ನಿಮ್ಮ ಚರ್ಮದಿಂದ ತೆಗೆದುಕೊಳ್ಳುತ್ತದೆ. ಬೆವರೂ ಇದನ್ನೇ ಮಾಡುತ್ತದೆ. ಊರಿನ ಮಣ್ಣಿನ ಮಡಕೆಯೂ ಇದನ್ನೇ ಮಾಡುತ್ತದೆ: ನೀರು ಮಣ್ಣಿನ ಸಣ್ಣ ರಂಧ್ರಗಳಿಂದ ಹೊರಗೆ ಜಿನುಗಿ ಆರುತ್ತದೆ, ಒಳಗಿನ ನೀರು ತಣ್ಣಗಾಗುತ್ತದೆ. ಗಾಳಿ ಒಣಗಿದ್ದಷ್ಟೂ ಬೇಗ ಆರುತ್ತದೆ. ಅದಕ್ಕೇ ಬೇಸಿಗೆಯಲ್ಲಿ ರಾಯಚೂರಿನ ಮಡಕೆ ನೀರು ತಣ್ಣಗಾಗುವಷ್ಟು ಮಂಗಳೂರಿನದು ಆಗುವುದಿಲ್ಲ. ಏಸಿಯಲ್ಲಿ ಆವಿಯಾಗುವುದು ನೀರಲ್ಲ, ಮುಚ್ಚಿದ ಕೊಳವೆಯೊಳಗೆ ಸುತ್ತುವ ಒಂದು ಬೇರೆ ದ್ರವ. ಅದು ಮನೆಯೊಳಗೆ ಶಾಖ ಹೀರಿ ಆವಿಯಾಗುತ್ತದೆ. ಕಂಪ್ರೆಸರ್ ಆ ಆವಿಯನ್ನು ಒತ್ತಿ ಹೊರಗಿನ ಪೆಟ್ಟಿಗೆಗೆ ಕಳಿಸುತ್ತದೆ. ಅಲ್ಲಿ ಶಾಖ ಬಿಟ್ಟು ಮತ್ತೆ ದ್ರವವಾಗಿ ಒಳಗೆ ಬರುತ್ತದೆ. ನಿಮ್ಮ ಹಿತ್ತಲಿನ ಪೆಟ್ಟಿಗೆಯ ಹತ್ತಿರ ನಿಂತರೆ ಬಿಸಿಗಾಳಿ ತಗಲುವುದು ಇದಕ್ಕೇ. ಅದು ನಿಮ್ಮ ಮನೆಯೊಳಗಿದ್ದ ಸೆಕೆ, ಸ್ವಲ್ಪ ದೂರ ಹೋಗಿ ನಿಂತಿದೆ ಅಷ್ಟೆ.

ಸಿನಿಮಾದವರಿಗೂ ಬೇಸಿಗೆ ಅಂದರೆ ಭಯವಿತ್ತು. ಕಿಟಕಿ ಮುಚ್ಚಿದ ಕತ್ತಲ ಹಾಲ್‌ನಲ್ಲಿ ನೂರಾರು ಜನರ ಬೆವರು! ಎಷ್ಟೋ ಥಿಯೇಟರುಗಳು ಬೇಸಿಗೆಯಲ್ಲಿ ಬಾಗಿಲು ಹಾಕುತ್ತಿದ್ದವು. 1925ರ ಮೇ ಕೊನೆಯಲ್ಲಿ, ಮೆಮೋರಿಯಲ್ ಡೇ ಸಮಯಕ್ಕೆ, ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರ್‌ನಲ್ಲಿದ್ದ ರಿವೋಲಿ ಥಿಯೇಟರಿನಲ್ಲಿ ಕ್ಯಾರಿಯರ್ ತನ್ನ ಯಂತ್ರ ಹಾಕಿಸಿದ. ಜನ ಕೈಯಲ್ಲಿ ಬೀಸಣಿಗೆ ಹಿಡಿದೇ ಬಂದಿದ್ದರು. ಪ್ಯಾರಾಮೌಂಟ್ ಕಂಪನಿಯ ಮುಖ್ಯಸ್ಥ ಅಡಾಲ್ಫ್ ಜೂಕರ್ ಬಾಲ್ಕನಿಯಲ್ಲಿ ಕೂತು ನೋಡುತ್ತಿದ್ದ. ನಿಧಾನವಾಗಿ ಹಾಲ್ ತಣ್ಣಗಾಯಿತು, ಒಂದೊಂದೇ ಬೀಸಣಿಗೆ ನಿಂತಿತು. ಅವನಿಗೆ ಉತ್ತರ ಸಿಕ್ಕಿತು. ಮುಂದಿನ ಐದು ವರ್ಷಗಳಲ್ಲಿ ಸುಮಾರು 300 ಥಿಯೇಟರುಗಳಿಗೆ ಕ್ಯಾರಿಯರ್ ಯಂತ್ರ ಬಂತು. ಮನೆಯಲ್ಲಿ ಏಸಿ ಇಲ್ಲದ ಕಾಲ ಅದು. ಎಷ್ಟೋ ಜನ ಬೇಸಿಗೆಯಲ್ಲಿ ಸಿನಿಮಾಕ್ಕೆ ಹೋಗುತ್ತಿದ್ದದ್ದೇ ತಂಪಿಗಾಗಿ. 1975ರ ಜೂನ್ 20ರಂದು ಸ್ಪೀಲ್‌ಬರ್ಗ್‌ರ 'ಜಾಸ್' ಬಂದ ಮೇಲಂತೂ ದೊಡ್ಡ ಸಿನಿಮಾ ಅಂದರೆ ಬೇಸಿಗೆ ಸಿನಿಮಾ ಅಂತ ಆಗಿಹೋಯಿತು.

ನಮ್ಮ ಊರುಗಳಲ್ಲಿ ಇದು ಉಲ್ಟಾ. ಟೆಂಟ್ ಸಿನಿಮಾ ಕಾಲದಲ್ಲಿ ಶತ್ರು ಸೆಕೆ ಅಲ್ಲ, ಮಳೆ. ಮಳೆಗಾಲದಲ್ಲಿ ಟೆಂಟ್ ಬಿಚ್ಚುತ್ತಿದ್ದರು. ಬೇಸಿಗೆಯ ರಾತ್ರಿ ನೆಲದ ಟಿಕೆಟ್ ತಗೊಂಡ ಮಕ್ಕಳು ಮರಳು ಗುಡ್ಡೆ ಮಾಡಿ, ಅದರ ಮೇಲೆ ಕೂತು, ಮುಂದಿನವರ ತಲೆ ದಾಟಿ ಪರದೆ ನೋಡುತ್ತಿದ್ದರು. ಸ್ವೆಟರಿನ ಮಾತೇ ಇಲ್ಲ. ನಿಮ್ಮ ತಾತನನ್ನು ಕೇಳಿ ನೋಡಿ, ಕಥೆ ಅರ್ಧ ಗಂಟೆಗೆ ಮುಗಿಯುವುದಿಲ್ಲ.

ಥಿಯೇಟರಿನ ತಂಪು ಆಫೀಸಿಗೂ ಬಂತು. ನಮ್ಮದೇ ಟೆಕ್ಸಾಸಿನ ಸ್ಯಾನ್ ಆಂಟೋನಿಯೋದಲ್ಲಿ 1928ರಲ್ಲಿ ತೆರೆದ 21 ಅಂತಸ್ತಿನ ಮಿಲಮ್ ಬಿಲ್ಡಿಂಗ್, ಇಡೀ ಏಸಿ ಇದ್ದ ಅಮೆರಿಕದ ಮೊದಲ ಎತ್ತರದ ಆಫೀಸ್ ಕಟ್ಟಡ. ಆಮೇಲೆ ಎಲ್ಲ ಕಡೆ ಹಬ್ಬಿತು. ಆದರೆ ಎಷ್ಟು ತಂಪು ಹಿತ ಅಂತ 1960ರ ದಶಕದಲ್ಲಿ ಲೆಕ್ಕ ಹಾಕಿದಾಗ, ಸುಮಾರು 40 ವರ್ಷದ, 70 ಕಿಲೋ ತೂಕದ ಗಂಡಸಿನ ಮೈ ಎಷ್ಟು ಶಾಖ ಹುಟ್ಟಿಸುತ್ತದೆ ಎಂಬುದನ್ನು ಆಧಾರವಾಗಿ ಇಟ್ಟುಕೊಂಡಿದ್ದರು. ಹೆಂಗಸರ ಮೈ ಸಾಮಾನ್ಯವಾಗಿ ಅಷ್ಟು ಶಾಖ ಹುಟ್ಟಿಸುವುದಿಲ್ಲ. 2015ರಲ್ಲಿ ನೆದರ್ಲೆಂಡ್ಸಿನ ಇಬ್ಬರು ವಿಜ್ಞಾನಿಗಳು ಇದನ್ನು ಎತ್ತಿ ತೋರಿಸಿದರು. ಎಷ್ಟೋ ಅಮ್ಮಂದಿರಿಗೆ ಇದು ಮೊದಲೇ ಗೊತ್ತಿತ್ತು. ಕುರ್ಚಿಯ ಬೆನ್ನಿಗೆ ಸ್ವೆಟರ್ ನೇತುಹಾಕಿದ್ದರು.

ಹಾಗಾದರೆ ನಿದ್ದೆ ಯಾಕೆ? ಪಾಠ ಬರೆಯುವ ಮೊದಲು ಆ ಹುಡುಗಿಗೆ, "ಅಮ್ಮನನ್ನೇ ಕೇಳು ಪುಟ್ಟಾ" ಅಂದೆ. ಮುಂದಿನ ವಾರ ಬಂದು ಹೇಳಿದಳು: "ಟೀಚರ್, ಅಮ್ಮನಿಗೆ ರಾತ್ರಿ ಹತ್ತು ಗಂಟೆಗೆ ಮೀಟಿಂಗ್ ಇರುತ್ತಂತೆ. ಆಗ ಬೆಂಗಳೂರಲ್ಲಿ ಬೆಳಗ್ಗೆ ಎಂಟೂವರೆಯಂತೆ. ಆ ವಾರ ಗಡುವು ಇತ್ತಂತೆ, ಮೂರು ದಿನ ಸರಿಯಾಗಿ ಮಲಗಿರಲಿಲ್ವಂತೆ. ಆದ್ರೂ ಸಿನಿಮಾ ಕ್ಯಾನ್ಸಲ್ ಮಾಡಿದ್ರೆ ನಾನು ಅಳ್ತೀನಿ ಅಂತ ಬಂದ್ರಂತೆ." ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದಳು: "ನಾನು ಅಳ್ತಿರ್ಲಿಲ್ಲ. ಸ್ವಲ್ಪ ಅಳ್ತಿದ್ದೆ."

ಗಡುವು ಅಂದರೆ ಕೆಲಸ ಮುಗಿಸಬೇಕಾದ ಕೊನೆಯ ದಿನ. ಒಳ್ಳೆಯ ಪದ, ಬರೆದಿಟ್ಟುಕೊಳ್ಳಿ.

ಮುಂದಿನ ಭಾನುವಾರಕ್ಕೆ ಕೆಲಸ: ಅಮ್ಮ ಅಥವಾ ಅಪ್ಪನ ಹತ್ತಿರ ಕೂತು, "ಇವತ್ತು ಆಫೀಸಲ್ಲಿ ಏನಾಯ್ತು?" ಅಂತ ಕನ್ನಡದಲ್ಲಿ ಕೇಳಿ. ಹೇಳಿದ್ದನ್ನು ಐದು ವಾಕ್ಯದಲ್ಲಿ ಬರೆದು ತನ್ನಿ. ತಂದೆತಾಯಿಯರಲ್ಲಿ ನನ್ನದೊಂದು ವಿನಂತಿ: "ಬ್ಯುಸಿ ಇತ್ತು" ಅಂತ ಒಂದೇ ಮಾತಿನಲ್ಲಿ ಮುಗಿಸಿದರೆ ಮಗುವಿಗೆ ಅಂಕ ಸಿಗುವುದಿಲ್ಲ. ಆ ಹುಡುಗಿ ತನ್ನ ಐದು ವಾಕ್ಯ ಆಗಲೇ ಕೊಟ್ಟಿದ್ದಾಳೆ. ಐದನೆಯದು ಇದು: "ಸಿನಿಮಾದಲ್ಲಿ ಅಮ್ಮ ನೋಡದೇ ಇದ್ದ ಕಥೆಯನ್ನು ನಾನು ಕಾರಿನಲ್ಲಿ ಹೇಳಿದೆ, ಅಮ್ಮ ಪೂರ್ತಿ ಕೇಳಿದರು."