ತಿಕ್ಕಬೇಡ ತಂಗಿ, ಎಣ್ಣೆ ಕೊನೆಗೆ ಹಚ್ಚು

ತಂಗಿ, ದೀಪಾವಳಿ ಕಳೆದು ಹಿಂಗಾರಿ ಜೋಳ ಮೊಳಕಾಲೆತ್ತರ ಬಂತೆಂದರೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆ ಮೂಡಗಾಳಿ ಬೀಸತೊಡಗುತ್ತದೆ. ನಮ್ಮದು ಒಣ ಚಳಿ. ನಸುಕಿನಲ್ಲಿ ಹತ್ತು ಡಿಗ್ರಿಯ ಆಸುಪಾಸು, ಕೆಲವು ವರ್ಷ ಅದಕ್ಕೂ ಕೆಳಗೆ. ಮಧ್ಯಾಹ್ನವಾದರೆ ಅಂಗಿ ಬಿಚ್ಚುವಷ್ಟು ಬಿಸಿಲು. ದೊಡ್ಡವರ ಹಿಮ್ಮಡಿ ಒಡೆದು ತುಟಿ ಸೀಳುವ ಈ ದಿನಗಳಲ್ಲಿ ತೊಟ್ಟಿಲ ಕೂಸಿನ ಕೆನ್ನೆ ಒರಟಾಯಿತೆಂದು ನೀನು ಗಾಬರಿಯಾಗುವುದು ಸಹಜ. ಗಾಬರಿ ಬೇಡ. ಚಳಿಗಾಲದಲ್ಲಿ ಕೂಸಿನ ತೊಗಲು ಕೆಡುವುದು ನಾವು ಕಡಿಮೆ ಮಾಡಿದ್ದರಿಂದಲ್ಲ, ಹೆಚ್ಚು ಮಾಡಿದ್ದರಿಂದ. ಸುಡುನೀರು, ತಿಕ್ಕುವ ಹಿಟ್ಟು, ಲೋಬಾನದ ಹೊಗೆ, ಮೈತುಂಬ ಉಣ್ಣೆ, ಎಲ್ಲವೂ ಪ್ರೀತಿಯಿಂದಲೇ ಬಂದವು. ಆದರೆ ಎಳೆ ತೊಗಲು ಇಷ್ಟೆಲ್ಲ ತಾಳಲಾರದು.

ಕೂಸಿನ ಚರ್ಮದ ಮೇಲ್ಪದರ ನಮ್ಮದಕ್ಕಿಂತ ತೆಳು. ಒಳಗಿನ ನೀರು ಬೇಗ ಆರಿಹೋಗುತ್ತದೆ, ಹೊರಗೆ ಹಚ್ಚಿದ್ದು ಬೇಗ ಒಳಗಿಳಿಯುತ್ತದೆ. ತೂಕಕ್ಕೆ ಹೋಲಿಸಿದರೆ ಅದರ ಮೈಯ ಹರವೂ ನಮಗಿಂತ ದೊಡ್ಡದು, ಅದಕ್ಕೇ ಬೇಗ ತಣ್ಣಗಾಗುತ್ತದೆ. ಹುಟ್ಟುವಾಗ ಮೈಗೆ ಮೆತ್ತಿರುವ ಬೆಣ್ಣೆಯಂಥ ಬಿಳಿ ಲೇಪವನ್ನು ಹೊಲಸೆಂದು ತಿಳಿದು ಕೂಡಲೇ ತೊಳೆಯುವವರಿದ್ದಾರೆ. ಅದು ಹೊಲಸಲ್ಲ, ತೊಗಲಿನ ಕಾವಲು. ಮೊದಲ ಸ್ನಾನವನ್ನು 24 ಗಂಟೆ ಮುಂದೂಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದಕ್ಕೆ ಇದೂ ಒಂದು ಕಾರಣ. ಕೂಸು ತೂಕ ಕಡಿಮೆಯಿದ್ದರೆ, ದಿನ ತುಂಬುವ ಮೊದಲೇ ಹುಟ್ಟಿದ್ದರೆ, ವೈದ್ಯರು ಹೇಳುವವರೆಗೆ ಎರೆಯುವುದೇ ಬೇಡ, ಒರೆಸಿದರೆ ಸಾಕು. ಮೊದಲ ಒಂದೆರಡು ವಾರ ಕೈಕಾಲಿನ ತೊಗಲು ಸಿಪ್ಪೆಯಂತೆ ಸುಲಿದರೆ ಹೆದರಬೇಡ. ಅದು ತಾನಾಗಿ ಉದುರಲಿ, ನೀನು ಎಳೆಯಬೇಡ.

ಈಗ ಎರೆಯುವ ಮಾತಿಗೆ ಬರೋಣ. ನಮ್ಮ ಕಡೆ ಕೂಸಿಗೆ ಎರೆಯುವುದೆಂದರೆ ಒಂದು ಕಾರ್ಯವೇ. ಹಂಡೆ ಕಾಯಬೇಕು, ಎರೆಯಾಕಿ ಮಣೆ ಹಾಕಿ ಕಾಲು ಚಾಚಿ ಕೂಡಬೇಕು, ಕೂಸನ್ನು ಮೊಣಕಾಲ ಮೇಲೆ ಬೋರಲು ಹಾಕಿಕೊಂಡು ಚೊಂಬಿನಿಂದ ನೀರು ಸುರಿಯಬೇಕು. ಕೂಸು ಕೆಂಪಾದರೆ "ರಗತ ಛಂದ ಹರದೈತಿ" ಎಂದು ಮೆಚ್ಚುತ್ತಾರೆ. ಹಾಗೆ ಕೆಂಪಾಗುವುದು ನೀರು ಸುಟ್ಟದ್ದಕ್ಕೆ, ಉಜ್ಜಿದ್ದಕ್ಕೆ. ನೀರು ಮೈಯ ಕಾವಿನಷ್ಟೇ, ಸುಮಾರು 37 ಡಿಗ್ರಿ, ಬೆಚ್ಚಗಿದ್ದರೆ ಸಾಕು. ಅಂಗೈಗೆ ಕೆಲಸದಿಂದ ದಡ್ಡು ಬಿದ್ದಿರುತ್ತದೆ, ಕಾವು ತಿಳಿಯುವುದಿಲ್ಲ. ಮೊಣಕೈ ಅದ್ದಿ ನೋಡು. ಐದರಿಂದ ಹತ್ತು ನಿಮಿಷದಲ್ಲಿ ಮುಗಿಸು. ಚಳಿಯಲ್ಲಿ ವಾರಕ್ಕೆ ಎರಡು ಮೂರು ಸಲ ಎರೆದರೆ ಯಾವ ಕೂಸೂ ಕೊಳೆಯಾಗದು. ಉಳಿದ ದಿನ ಮುಖ, ಕುತ್ತಿಗೆಯ ಮಡಿಕೆ, ಕಂಕುಳು, ತೊಡೆಸಂದುಗಳನ್ನು ಬೆಚ್ಚನೆಯ ಒದ್ದೆ ಬಟ್ಟೆಯಿಂದ ಒರೆಸು. ಎರೆಯುವ ಹೊತ್ತೂ ನಸುಕಲ್ಲ. ಬಿಸಿಲೇರಿ ಗಾಳಿ ಮೆತ್ತಗಾದ ಮೇಲೆ, ಬಾಗಿಲು ಮುಂದೆ ಮಾಡಿಕೊಂಡು.

ನೀರಿನದೇ ಇನ್ನೊಂದು ತೊಡಕಿದೆ. ನಮ್ಮ ಎಷ್ಟೋ ಊರುಗಳ ಬೋರಿನ ನೀರು ಗಡಸು, ಕೆಲವು ಕಡೆ ಸವಳು. ಸಾಬೂನು ನೊರೆಯೇಳುವುದಿಲ್ಲ, ಬೆಳ್ಳಗೆ ಮೈಗಂಟಿ ಉಳಿಯುತ್ತದೆ. ಸಾಲದೆಂದು ಇನ್ನಷ್ಟು ಹಚ್ಚುತ್ತೇವೆ, ತೊಗಲು ಇನ್ನಷ್ಟು ಬಿಗಿಯುತ್ತದೆ. ನಿನ್ನ ಊರಿಗೆ ನಳದಲ್ಲಿ ಹೊಳೆಯ ನೀರು ಬರುವುದಾದರೆ ಕೂಸಿಗೆಂದು ಎರಡು ಕೊಡ ಎತ್ತಿಡು. ಸಾಬೂನು ಮೃದುವಾದದ್ದಿರಲಿ, ಹೊಲಸಾದ ಜಾಗಕ್ಕಷ್ಟೇ ಇರಲಿ. ಮೈತುಂಬ ಬೇಕಿಲ್ಲ.

ಕಡಲೆಹಿಟ್ಟು, ಹೆಸರುಹಿಟ್ಟು, ಕಣಕದ ಉಂಡೆ ಇವುಗಳಿಂದ ಬೆನ್ನಿನ, ಹಣೆಯ ಎಳೆಗೂದಲು ತೆಗೆಯುವ ರೂಢಿಯಿದೆಯಲ್ಲ, ಅದನ್ನು ಬಿಡು. ಆ ಕೂದಲು ಕೆಲವು ವಾರಗಳಲ್ಲಿ ತಾನೇ ಉದುರುತ್ತದೆ. ಹಿಟ್ಟಿನ ತರಿ ಕಣ್ಣಿಗೆ ಕಾಣದ ಗೀರು ಎಳೆಯುತ್ತದೆ, ಅಲ್ಲಿಂದ ಗುಳ್ಳೆ ಏಳುತ್ತದೆ. ಬಣ್ಣ ಬರಲೆಂದು ಅರಿಷಿಣ, ಕೆನೆಗೆ ಲಿಂಬೆರಸ ಬೆರೆಸಿ ಹಚ್ಚುವವರಿಗಂತೂ ಕೈಮುಗಿದು ಹೇಳುತ್ತೇನೆ. ಇಂಡಿಯ ಲಿಂಬೆ ಸಾರಿಗೆ, ಉಪ್ಪಿನಕಾಯಿಗೆ ಹೆಸರುವಾಸಿ, ಅದು ಅಲ್ಲೇ ಇರಲಿ. ಕೂಸಿನ ಬಣ್ಣ ತಾಯಿಹೊಟ್ಟೆಯಲ್ಲೇ ತೀರ್ಮಾನವಾಗಿರುತ್ತದೆ.

ಎಣ್ಣೆಯ ವಿಷಯ ತುಸು ನಿಧಾನವಾಗಿ ಕೇಳು. ಜೋಳದ ಹೊಲದಲ್ಲಿ ಅಕ್ಕಡಿ ಸಾಲಾಗಿ ಬೆಳೆಯುವ ಆ ಮುಳ್ಳುಗಿಡ, ಕುಸುಬಿ, ನಮ್ಮ ಸೀಮೆಯ ಅಡುಗೆಗೆ ತಲೆತಲಾಂತರದಿಂದ ಎಣ್ಣೆ ಕೊಟ್ಟಿದೆ. ಕುಸುಬಿ ಎಣ್ಣೆಯಲ್ಲಿ ಲಿನೋಲಿಯಿಕ್ ಆಮ್ಲವೆಂಬ ಕೊಬ್ಬಿನಾಮ್ಲ ಹೇರಳ. ಹಳೆಯ ತಳಿಗಳಲ್ಲಿ ಮುಕ್ಕಾಲು ಪಾಲು ಅದೇ. ಚರ್ಮ ತನ್ನ ಕಾವಲುಗೋಡೆ ಕಟ್ಟಿಕೊಳ್ಳುವುದಕ್ಕೆ ಬೇಕಾದದ್ದೂ ಅದೇ. ಎಳೆಗೂಸುಗಳಿಗೆ ಕುಸುಬಿ ಎಣ್ಣೆ, ಕೊಬ್ಬರಿ ಎಣ್ಣೆ ತೀಡಿ ರಕ್ತ ಪರೀಕ್ಷಿಸಿದ ಅಧ್ಯಯನವೊಂದು 2005ರಲ್ಲಿ ‘ಇಂಡಿಯನ್ ಪೀಡಿಯಾಟ್ರಿಕ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ತೊಗಲಿಗೆ ಹಚ್ಚಿದ ಎಣ್ಣೆಯ ಕೊಬ್ಬಿನಾಮ್ಲ ರಕ್ತದಲ್ಲೂ ಹೆಚ್ಚಿದ್ದು ಅದರಲ್ಲಿ ಕಂಡುಬಂತು. ಇತ್ತ ದುಬಾರಿ ಬೆಲೆಯ ಆಲಿವ್ ಎಣ್ಣೆ ತರಿಸುವವರಿಗೆ ಬೇರೆಯೇ ಸುದ್ದಿ. 2013ರಲ್ಲಿ ಇಂಗ್ಲೆಂಡಿನ ಶೆಫೀಲ್ಡಿನ ಸಂಶೋಧಕರು ದೊಡ್ಡವರ ಮೇಲೆ ಪರೀಕ್ಷಿಸಿ ನೋಡಿದಾಗ ಆಲಿವ್ ಎಣ್ಣೆ ಚರ್ಮದ ಕಾವಲನ್ನು ಸಡಿಲಿಸಿತು, ಸೂರ್ಯಕಾಂತಿ ಎಣ್ಣೆ ಸಡಿಲಿಸಲಿಲ್ಲ. ಸಾಸಿವೆ ಎಣ್ಣೆಯೂ ಎಳೆ ತೊಗಲಿಗೆ ಖಾರವೇ.

ಆದರೆ ನಾವು ಎಣ್ಣೆ ಹಚ್ಚುವ ಕ್ರಮವೇ ತಿರುಗುಮುರುಗಾಗಿದೆ. ಮೊದಲು ತೊಯ್ಯುವಂತೆ ಎಣ್ಣೆ ತೀಡುತ್ತೇವೆ. ಆಮೇಲೆ ಹಿಟ್ಟು, ಸಾಬೂನು ಹಾಕಿ ಅಷ್ಟನ್ನೂ ತೆಗೆದುಬಿಡುತ್ತೇವೆ. ಬಚ್ಚಲಿಗೆ ಹರಿದ ಎಣ್ಣೆ ಕೂಸಿಗೆ ದಕ್ಕಿತೇ? ಎರೆದಾದ ಮೇಲೆ ಮೆತ್ತನೆಯ ಬಟ್ಟೆಯಿಂದ ಒತ್ತಿ ಒತ್ತಿ ನೀರಾರಿಸು, ಉಜ್ಜಬೇಡ. ತೊಗಲಿನಲ್ಲಿ ಇನ್ನೂ ತುಸು ತೇವವಿರುವಾಗಲೇ ಎಣ್ಣೆ ಹಚ್ಚು. ನಿನ್ನ ಗಂಡ ಜೋಳದಲ್ಲಿ ಎಡೆ ಹೊಡೆದು ಬಿರುಕು ಮುಚ್ಚಿ ಎರೆಮಣ್ಣಿನ ಹಸಿ ಕಾಯುತ್ತಾನಲ್ಲ, ಇದೂ ಹಾಗೆಯೇ. ಹಸಿ ಆರಿಹೋದ ಮೇಲೆ ಮುಚ್ಚಿ ಏನು ಫಲ?

ಒಂದು ಹಿಡಿಗೂಸಿಗೆ ಒಂದು ಚಮಚೆ ಎಣ್ಣೆ ಧಾರಾಳ. ಅಂಗೈಯಲ್ಲಿ ಹಾಕಿಕೊಂಡು ಎರಡೂ ಕೈ ಉಜ್ಜಿ ಬೆಚ್ಚಗೆ ಮಾಡಿಕೊ. ಎದೆ, ಹೊಟ್ಟೆ, ಬೆನ್ನು, ಕೈಕಾಲು, ಹೀಗೆ ಸವರುತ್ತ ಹೋಗು. ತಿರುಚುವುದು, ಮೂಗು ಎಳೆಯುವುದು, ನೆತ್ತಿ ಒತ್ತುವುದು ಬೇಡ. ಕಿವಿಗೆ, ಮೂಗಿಗೆ, ಹೊಕ್ಕಳಿಗೆ ಎಣ್ಣೆ ಬಿಡುವುದಂತೂ ಬೇಡವೇ ಬೇಡ. ಗಾಣದ ಎಣ್ಣೆ ತಂದರೆ ಸ್ವಲ್ಪವೇ ತಾ, ಕುಸುಬಿ ಎಣ್ಣೆ ಬೇಗ ಕಮಟು ಹಿಡಿಯುತ್ತದೆ. ನೆರಳಿನಲ್ಲಿಡು, ವಾಸನೆ ಬದಲಾದರೆ ಬಿಡು. ಬಜಿ ಕರಿದ ಎಣ್ಣೆ ಮುಟ್ಟಿಸಬೇಡ. ಕೊಬ್ಬರಿ ಎಣ್ಣೆಯೂ ಒಳ್ಳೆಯದೇ. ಸುಮಾರು 24 ಡಿಗ್ರಿಗಿಂತ ಕೆಳಗೆ ಅದು ಗಟ್ಟಿಯಾಗುತ್ತದೆ, ಶೀಶೆಯನ್ನು ಬಿಸಿನೀರಲ್ಲಿಟ್ಟು ಕರಗಿಸು, ಒಲೆಯ ಮೇಲಲ್ಲ. ಎಣ್ಣೆ ಹಚ್ಚಿದಾಗ ಕೆಂಪು ಗುಳ್ಳೆ ಎದ್ದರೆ ಅಲ್ಲಿಗೆ ನಿಲ್ಲಿಸು. ತುಂಬುದಿನದ ಕೂಸಿನ ತೊಗಲು ತಾನೇ ನುಣುಪಾಗಿದ್ದರೆ ಏನನ್ನೂ ಹಚ್ಚಲೇಬೇಕೆಂಬ ಕಡ್ಡಾಯವಿಲ್ಲ.

ಹಚ್ಚಿದ್ದು ಒಳಗೆ ಹೋಗುತ್ತದೆ ಎಂದೆನಲ್ಲ, ಅದೇ ಕಾರಣಕ್ಕೆ ಕರ್ಪೂರ ಹಾಕಿ ಕಾಸಿದ ಎಣ್ಣೆ, ನೆಗಡಿ ಮುಲಾಮು ಕೂಸಿನ ಎದೆಗೆ ಬಳಿಯಬೇಡ. ಕರ್ಪೂರ ಮೈಗಿಳಿದರೆ ಎಳೆಗೂಸಿಗೆ ಫಿಟ್ಸ್ ಬರಬಹುದು. ಪೌಡರ್ ಕೂಡ ಬೇಡ. ಅದು ತೊಗಲನ್ನು ಇನ್ನಷ್ಟು ಒಣಗಿಸುತ್ತದೆ, ಹಾರಿದ ಹುಡಿ ಉಸಿರಿಗೆ ಹೋಗುತ್ತದೆ.

ಎರೆದ ಮೇಲೆ ಕುಳ್ಳಿನ ಕೆಂಡಕ್ಕೆ ಲೋಬಾನ ಹಾಕಿ, ಮೇಲೆ ಕೂಸನ್ನು ಹಿಡಿದು ಹೊಗೆ ಕೊಡುತ್ತಾರೆ. ಆ ಹೊಗೆ ಕಣ್ಣಿಗೂ ಎದೆಗೂ ಕೆಟ್ಟದ್ದು. ಬಾಣಂತಿಯ ಕೋಣೆಯ ಕಿಟಕಿ ಬಾಗಿಲು ಬಿಗಿದು ರಾತ್ರಿಯಿಡೀ ಅಗ್ಗಿಷ್ಟಿಗೆ ಇಡುವುದು ಅದಕ್ಕಿಂತ ಅಪಾಯ. ಕೆಂಡದ ವಿಷಗಾಳಿಗೆ ವಾಸನೆಯಿಲ್ಲ, ಮಲಗಿದವರು ಏಳದೆ ಹೋಗಬಹುದು. ಕೋಣೆ ಬೆಚ್ಚಗಾಗಬೇಕಾದರೆ ಎರೆಯುವ ಮೊದಲು ಸ್ವಲ್ಪ ಹೊತ್ತು ಕೆಂಡವಿಟ್ಟು, ಆಮೇಲೆ ಹೊರಗಿಟ್ಟು, ಒಮ್ಮೆ ಗಾಳಿಯಾಡಿಸಿ ಬಾಗಿಲು ಹಾಕಿಕೊ. ಕೂಸಿಗೆ ಎಲ್ಲಕ್ಕಿಂತ ಒಳ್ಳೆಯ ಕಾವು ನಿನ್ನ ಎದೆಯದು. ನಿನ್ನ ಬರಿಮೈಗೆ ಅದರ ಬರಿಮೈ ಒತ್ತಿಕೊಂಡು ಮೇಲೆ ಕೌದಿ ಹೊದ್ದುಕೊ. ತೂಕ ಕಡಿಮೆಯ ಕೂಸುಗಳಿಗೆ ಆಸ್ಪತ್ರೆಯಲ್ಲೂ ಹೀಗೇ ಮಾಡಿಸುತ್ತಾರೆ.

ಬಟ್ಟೆಯ ಮಾತು ಸಣ್ಣದು. ಮೈಗೆ ತಾಗುವುದು ಹತ್ತಿಯೇ ಆಗಿರಲಿ, ಉಣ್ಣೆ ಅದರ ಮೇಲೆ. ಗುಳೇದಗುಡ್ಡದ ಖಣದ ಕುಂಚಿಗೆ ಹಾಕಿದ ಕೂಸು ಚಂದವೇ. ಆದರೆ ಕುಂಚಿಗೆ ಬಿಚ್ಚಿದಾಗ ಗದ್ದದ ಕೆಳಗೆ ನೋಡು, ಅಂಚು ತಾಗಿದಲ್ಲಿ ಕೆಂಪು ಗೆರೆ ಬಿದ್ದಿರುತ್ತದೆ. ಒಳಗೆ ಹಳೆಯ ಧೋತರದ ತುಂಡು ಹೊಲಿದರೆ ಆಯಿತು. ನಮಗಿಂತ ಒಂದು ಪದರ ಹೆಚ್ಚಿದ್ದರೆ ಸಾಕು. ಬಿಸಿಲೇರಿದ ಮೇಲೂ ಸ್ವೆಟರ್, ಟೋಪಿ, ಕಾಲುಚೀಲ ತೆಗೆಯದಿದ್ದರೆ ಚಳಿಗಾಲದಲ್ಲೂ ಬೆವರುಸಾಲೆ ಏಳುತ್ತದೆ. ಜೊಲ್ಲು ಸೋರಿ ಕೆನ್ನೆ, ಗದ್ದ ಒಡೆಯುವ ಕೂಸಿಗೆ ಜೊಲ್ಲನ್ನು ಒತ್ತಿ ಒರೆಸಿ ತೆಳ್ಳಗೆ ವ್ಯಾಸಲೀನ್ ಸವರು. ಚಳಿಯೆಂದು ಒದ್ದೆ ಬಟ್ಟೆಯನ್ನೋ ಡೈಪರನ್ನೋ ರಾತ್ರಿಯಿಡೀ ಬಿಟ್ಟರೆ ತೊಡೆಸಂದು ಬೆಂದುಹೋಗುತ್ತದೆ. ಎದ್ದು ಬದಲಿಸಬೇಕು, ಬೇರೆ ದಾರಿಯಿಲ್ಲ.

ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲು ಹೊಲಕ್ಕೆ ಹೋಗುತ್ತೀರಿ, ಸಂಕ್ರಮಣಕ್ಕೆ ವಿಜಯಪುರದ ಸಿದ್ಧೇಶ್ವರ ಜಾತ್ರೆಗೆ ಹೋಗುತ್ತೀರಿ. ಬೇಡವೆನ್ನುವುದಿಲ್ಲ. ಆದರೆ ಬೈಕಿನ ಟ್ಯಾಂಕಿನ ಮೇಲೆ ಕೂಸನ್ನು ಕೂಡಿಸಿಕೊಂಡು ಹೋಗಬೇಡಿ. ಬೀಳುವ ಭಯ ಒಂದು ಕಡೆ, ಎದುರುಗಾಳಿಗೆ ಕೆನ್ನೆ ಅರ್ಧ ದಾರಿಯಲ್ಲೇ ಬಿರಿಯುತ್ತದೆ. ಕಬ್ಬು ಕಡಿಯಲು ಗುಳೆ ಹೋಗುವ ತಾಂಡಾದ ತಾಯಂದಿರಿಗೂ ಒಂದು ಮಾತು. ಕೂಸನ್ನು ರವದಿಯ ಮೇಲೆ ನೇರ ಮಲಗಿಸಬೇಡಿ, ಅದರ ಅಂಚು ಕೊಯ್ಯುತ್ತದೆ, ತುರಿಕೆ ಎಬ್ಬಿಸುತ್ತದೆ. ಸೀರೆಯ ಜೋಳಿಗೆ ಕಟ್ಟಿ, ತುಂಬುತೋಳಿನ ಹತ್ತಿ ಅಂಗಿ ಹಾಕಿ. ಗಂಟಿನಲ್ಲಿ ಒಂದು ಶೀಶೆ ಎಣ್ಣೆ ಇರಲಿ.

ಇನ್ನು ಮನೆಮದ್ದು ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕಾದ ಹೊತ್ತು ಯಾವುದು? ದಿನಕ್ಕೆ ನಾಲ್ಕು ಸಲ ಹಿಂಗೈಯಿಂದ ಕೂಸಿನ ಅಂಗಾಲು, ಹೊಟ್ಟೆ ಮುಟ್ಟಿ ನೋಡು. ಎರಡೂ ಬೆಚ್ಚಗಿದ್ದರೆ ನಿಶ್ಚಿಂತೆ. ಅಂಗಾಲು ತಣ್ಣಗೆ, ಹೊಟ್ಟೆ ಬೆಚ್ಚಗಿದ್ದರೆ ಚಳಿ ತಾಗುತ್ತಿದೆ, ಎದೆಗೆ ಒತ್ತಿಕೊ. ಹೊಟ್ಟೆಯೂ ತಣ್ಣಗಿದ್ದರೆ ತಡಮಾಡಬೇಡ, ಎದೆಗೊತ್ತಿಕೊಂಡೇ 108ಕ್ಕೆ ಫೋನ್ ಮಾಡಿಸು. ಕೂಸು ಮೊಲೆ ಬಿಟ್ಟರೆ, ಮಂಕಾಗಿ ಮಲಗಿಯೇ ಇದ್ದರೆ, ಕೀವುಗುಳ್ಳೆ ಎದ್ದರೆ, ಹೊಕ್ಕಳ ಸುತ್ತ ಕೆಂಪಾದರೆ, ಅಂಗಾಲು ಅಂಗೈಗೂ ಹಳದಿ ಇಳಿದರೆ ತಾಲ್ಲೂಕು ಆಸ್ಪತ್ರೆಗೆ ಅಂದೇ ಹೋಗು. ಒಡೆದ ತೊಗಲಿನಿಂದ ನೀರು ಸೋರಿದರೆ, ರಾತ್ರಿ ತುರಿಕೆಗೆ ಕೂಸು ನಿದ್ದೆಗೆಟ್ಟರೆ ಅದು ಬರೀ ಚಳಿಯ ಒಣಗು ಅಲ್ಲ. ಮನೆಮಂದಿಗೂ ತುರಿಕೆಯಿದ್ದರೆ ಕಜ್ಜಿ ಇರಬಹುದು. ಆಗ ಒಂದೇ ಕೌದಿಯಲ್ಲಿ ಮಲಗುವ ಎಲ್ಲರೂ ಒಟ್ಟಿಗೇ ಔಷಧಿ ಮಾಡಬೇಕು. ಆಸ್ಪತ್ರೆಯಲ್ಲಿ ಹಡೆದವರ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28, 42ನೆಯ ದಿನ ಬಂದು ಕೂಸಿನ ತೂಕ, ಮೈಕಾವು ನೋಡಬೇಕೆಂಬ ನಿಯಮವಿದೆ. ಆಕೆ ಬಂದಾಗ ಕುಂಚಿಗೆ ಬಿಚ್ಚಿ ಮಡಿಕೆ ಮಡಿಕೆಯನ್ನೂ ತೋರಿಸು, ನಾಚಬೇಡ.

ಕೊನೆಯದು ನಿನ್ನ ಅತ್ತೆಯ ಬಗ್ಗೆ. ನಾನು ಹೇಳಿದೆನೆಂದು ಎರೆಯುವ ಹಿರಿಯಳ ಕೈಯಿಂದ ಚೊಂಬು ಕಸಿಯಬೇಡ. ಆಕೆಯ ಕೈಗೆ ರೂಢಿಯಿದೆ, ಕೂಸು ಜಾರದಂತೆ ಹಿಡಿಯುವ ಹದ ನಿನಗಿನ್ನೂ ಬರಬೇಕು. "ಅತ್ತಿ, ನೀವ ಎರೀರಿ. ಖರೆ ಹಿಟ್ಟ ಬ್ಯಾಡ, ಎಣ್ಣಿ ಆಮ್ಯಾಲ ಹಚ್ಚೂಣು" ಎನ್ನು. ಅಷ್ಟಕ್ಕೆ ಯಾವ ಅತ್ತೆಯೂ ಮುನಿಯುವುದಿಲ್ಲ. ಮುನಿದರೂ ಎಂಟು ದಿನದಲ್ಲಿ ಮೊಮ್ಮಗುವಿನ ಕೆನ್ನೆ ಮುಟ್ಟಿ ನೋಡಿ, ಮುಂದಿನ ಬಾಣಂತಿಗೆ ತಾನೇ ಈ ಮಾತು ಹೇಳುತ್ತಾಳೆ.